ಪ್ರೋಟೊಕಾಲ್ ಓಪನ್, ಕೋಡ್ ಯಾರದು?

‘ಓಪನ್ ಪ್ರೋಟೊಕಾಲ್ ತಾನೇ, ನಾನೇ ಬರ್ಕೊಂಡ್ರೆ ಯಾರು ಕೇಳ್ತಾರೆ?’ ಎನ್ನುತ್ತಾ, ಎಲ್ಲರಿಗೂ ತೆರೆದಿಟ್ಟ ಎನ್‌ಕ್ರಿಪ್ಷನ್ ಪ್ರೋಟೊಕಾಲ್ (ಸಂವಹನದ ನಿಯಮಾವಳಿ) ನೋಡಿ ಸ್ವಂತ ಪ್ರೋಗ್ರಾಮ್ ಬರೆಯುವವರ ಕೋಡನ್ನು ತುಂಬಾ ನೋಡಿದ್ದೇನೆ. ಗಣಿತ ಸರಿಯಾಗಿರುತ್ತದೆ, ಲೈಸೆನ್ಸ್ ಕೆಟ್ಟಿರುತ್ತದೆ.

ಮೊದಲು ಪ್ರೋಟೊಕಾಲಿನ ವಿವರಣೆ (ಸ್ಪೆಸಿಫಿಕೇಶನ್) ಯಾವುದು, ಕೋಡ್ ಯಾವುದು ಅಂತ ಬೇರೆ ಮಾಡಿಕೊಳ್ಳಿ. ಸಿಗ್ನಲ್ ಮೆಸೇಜಿಂಗ್ ಆ್ಯಪ್‌ನವರ, ಸಂದೇಶಗಳ ಕೀಲಿ ಬದಲಿಸುತ್ತಾ ಹೋಗುವ ಡಬಲ್ ರ್‍ಯಾಚೆಟ್ ವಿವರಣೆಯನ್ನು ಪಬ್ಲಿಕ್ ಡೊಮೇನ್‌ಗೆ ಬಿಟ್ಟಿದ್ದಾರೆ. ಅದೇ ಸಿಗ್ನಲ್‌ನ ಲಿಬ್‌ಸಿಗ್ನಲ್ ಕೋಡಿಗೆ ಮಾತ್ರ ಎಜಿಪಿಎಲ್ 3 ಎಂಬ ಲೈಸೆನ್ಸ್ ಇದೆ. ಅದನ್ನು ತಿದ್ದಿ ಬರೀ ಸರ್ವರಿನಲ್ಲಿ ಓಡಿಸಿದರೂ, ನೆಟ್‌ವರ್ಕ್ ಮೂಲಕ ಬಳಸುವವರಿಗೆ ಸೋರ್ಸ್ ಸಿಗುವಂತೆ ಮಾಡಬೇಕು.

ಎರಡನೆಯದು ಬರೆಯುವ ಹಂತ. ಎಲ್ಲರೂ ಎಡವುವುದು ಇಲ್ಲೇ. ಬೌದ್ಧಿಕ ಆಸ್ತಿಯ ಅಂತರರಾಷ್ಟ್ರೀಯ ಒಪ್ಪಂದವಾದ ಟ್ರಿಪ್ಸ್‌ನ 9(2)ನೇ ವಿಧಿಯ ಪ್ರಕಾರ ಕಾಪಿರೈಟ್ ಸಿಗುವುದು ಬರೆದ ರೂಪಕ್ಕೆ. ಆಲೋಚನೆಗೆ, ವಿಧಾನಕ್ಕೆ, ಗಣಿತಕ್ಕೆ ಇಲ್ಲ. ಹ್ಯಾಂಡ್‌ಶೇಕ್ (ಎರಡು ಕಂಪ್ಯೂಟರ್‌ಗಳು ಸಂಪರ್ಕ ಶುರುಮಾಡುವ ಕ್ರಮ) ಹೇಗೆ ನಡೆಯುತ್ತದೆ ಎಂಬುದನ್ನು ಓದಿ ನಿಮ್ಮದೇ ಕೋಡ್ ಬರೆಯಬಹುದು. ಆದರೆ ಒಂದು ಕಿಟಕಿಯಲ್ಲಿ ಜಿಪಿಎಲ್ (ತಿದ್ದಿ ಹಂಚಿದರೆ ಅದೇ ಲೈಸೆನ್ಸಿನಲ್ಲಿ ಕೊಡಬೇಕೆನ್ನುವ ಲೈಸೆನ್ಸ್) ಅಡಿಯ ಸಿ ಭಾಷೆಯ ಕೋಡ್ ತೆರೆದಿಟ್ಟು, ಪಕ್ಕದಲ್ಲಿ ಅದನ್ನೇ ಸಾಲುಸಾಲಾಗಿ ರಸ್ಟ್ ಭಾಷೆಗೆ ತಿರುಗಿಸಿದರೆ ಅದು ಸ್ವಂತದ್ದಲ್ಲ. ಕಾದಂಬರಿಯ ಅನುವಾದಕ್ಕೂ ಮೂಲ ಲೇಖಕರ ಒಪ್ಪಿಗೆ ಬೇಕಲ್ವಾ, ಹಾಗೇ. ಫಂಕ್ಷನ್‌ಗಳನ್ನು ಒಡೆದ ರೀತಿ, ಹೆಸರುಗಳು, ಕಾಮೆಂಟು, ಕೊನೆಗೆ ಮೂಲದ ಬಗ್ ಕೂಡ ಹಾಗೇ ಬಂದಿರುತ್ತದೆ. ಎಐಗೆ ‘ಇದನ್ನು ರಸ್ಟ್‌ಗೆ ಮಾಡಿಕೊಡು’ ಅಂದರೂ ಕಥೆ ಅದೇ. ಬೇರೆಯವರ ಕೋಡ್ ಸೇರಿದೆಯೇ ಎಂದು ಹುಡುಕುವ ಲೈಸೆನ್ಸ್ ಸ್ಕ್ಯಾನರ್ ಹಸಿರು ತೋರಿಸಿತು ಅಂತ ಹಿಗ್ಗಬೇಡಿ. ಇನ್ನೊಂದು ಭಾಷೆಗೆ ತಿರುಗಿಸಿದ ಕೋಡ್ ಅದರ ಕಣ್ಣು ತಪ್ಪಿಸುವುದು ಸುಲಭ.

ಹಾಗಾಗಿ ವಿವರಣೆಯೊಂದನ್ನೇ ಮುಂದಿಟ್ಟುಕೊಳ್ಳಿ. ಅದರಲ್ಲಿ ಏನಾದರೂ ಬಿಟ್ಟುಹೋಗಿದ್ದರೆ ಕೋಡಿಗೆ ಕೈ ಹಾಕಬೇಡಿ. ಮೂಲ ಪ್ರೋಗ್ರಾಮನ್ನು ಓಡಿಸಿ, ಅದು ನೆಟ್‌ವರ್ಕ್‌ನಲ್ಲಿ ಕಳಿಸುವ ಪ್ಯಾಕೆಟ್ ಹಿಡಿದು ನೋಡಿ. ಅದರಿಂದಲೂ ಗೊತ್ತಾಗದಿದ್ದರೆ ಬೇರೆಯವರು ಕೋಡ್ ಓದಿ, ಅದು ಏನು ಮಾಡುತ್ತದೆ ಎಂಬುದನ್ನಷ್ಟೇ ಸಾದಾ ವಾಕ್ಯಗಳಲ್ಲಿ ಬರೆದುಕೊಡಲಿ. ಹಾಗೆ ಓದಿದವರು ಆ ಭಾಗದ ಕೋಡ್ ಮುಟ್ಟಬಾರದು, ಇದರಲ್ಲಿ ರಿಯಾಯಿತಿ ಬೇಡ. ವಿವರಣೆಯ ಯಾವ ಸೆಕ್ಷನ್ ನೋಡಿ ಬರೆದಿರಿ ಎಂಬುದು ಪ್ರತಿ ಕಮಿಟ್ ಮೆಸೇಜಿನಲ್ಲೂ (ಕೋಡ್ ಬದಲಾವಣೆಯ ಜೊತೆ ಬರೆಯುವ ಟಿಪ್ಪಣಿ) ಇರಲಿ. ಜಗಳ ಬಂದ ಮೇಲೆ ಕೂತು ಬರೆದ ದಾಖಲೆಯನ್ನು ಯಾರೂ ನಂಬುವುದಿಲ್ಲ.

ಇಷ್ಟೆಲ್ಲ ಬೇಡ ಅನ್ನಿಸಿದರೆ ಒಂದು ಅಡ್ಡದಾರಿ ಇದೆ, ಅದು ತಪ್ಪೂ ಅಲ್ಲ. ವೈರ್‌ಗಾರ್ಡ್ ಎಂಬ ವಿಪಿಎನ್‌ನ ಲಿನಕ್ಸ್ ಕರ್ನಲ್ ಕೋಡ್ ಜಿಪಿಎಲ್ 2, ಆದರೆ ಗೋ ಭಾಷೆಯಲ್ಲಿರುವ ವೈರ್‌ಗಾರ್ಡ್-ಗೋಗೆ ಎಂಐಟಿ ಎಂಬ ಸಡಿಲ ಲೈಸೆನ್ಸ್. ಎರಡನೆಯದನ್ನು ಆರಾಮಾಗಿ ಓದಿ, ತಿರುಗಿಸಿಯೂ ಬರೆಯಿರಿ. ಕಾಪಿರೈಟ್ ಸೂಚನೆ, ಲೈಸೆನ್ಸ್ ಪಠ್ಯ ಎರಡನ್ನೂ ಉಳಿಸಿಕೊಂಡರೆ ಸಾಕು. ಇಂಟರ್ನೆಟ್ ಮಾನದಂಡ ರೂಪಿಸುವ ಐಇಟಿಎಫ್‌ನ ಈಗಿನ ಆರ್‌ಎಫ್‌ಸಿ ದಾಖಲೆಗಳ ಒಳಗಿರುವ ಕೋಡ್ ತುಣುಕುಗಳೂ ಬಿಎಸ್‌ಡಿ ಲೈಸೆನ್ಸಿನಲ್ಲಿರುತ್ತವೆ. ಅಲ್ಲೂ ಸೂಚನೆ ಬೇಕು. ಜನ ಮರೆಯುವುದು ಇದನ್ನೇ.

ಪೇಟೆಂಟ್ ಬೇರೆ ಲೆಕ್ಕ. ಕೋಡ್ ನೋಡದೇ ಬರೆದೆ ಅನ್ನುವ ಮಾತು ಅಲ್ಲಿ ನಡೆಯುವುದಿಲ್ಲ. ಆರ್‌ಎಸ್‌ಎ ಎಂಬ ಎನ್‌ಕ್ರಿಪ್ಷನ್ ವಿಧಾನದ ಪೇಟೆಂಟ್ 2000ದಲ್ಲೇ ಮುಗಿದಿದೆ. ಹೊಸ ಅಲ್ಗಾರಿದಮ್ ಆದರೆ ಐಇಟಿಎಫ್‌ನ ಐಪಿಆರ್ (ಪೇಟೆಂಟ್ ಹಕ್ಕಿನ ಘೋಷಣೆಗಳ) ಪಟ್ಟಿ ನೋಡಿ. ಅಲ್ಲಿ ಹೆಸರಿಲ್ಲದಿದ್ದರೆ ಪೇಟೆಂಟೇ ಇಲ್ಲ ಅಂದುಕೊಳ್ಳಬೇಡಿ.

ಕೊನೆಗೆ ಹೆಸರು. ವೈರ್‌ಗಾರ್ಡ್ ನೋಂದಾಯಿತ ಟ್ರೇಡ್‌ಮಾರ್ಕ್. ನಿಮ್ಮ ಪ್ರೋಗ್ರಾಮಿಗೆ ಬೇರೆ ಹೆಸರಿಡಿ. ‘ಇದರ ಜೊತೆ ಹೊಂದಿಕೊಳ್ಳುತ್ತದೆ’ ಎನ್ನುವುದನ್ನು ವಿವರದಲ್ಲಿ ಬರೆಯಿರಿ. ಅದಕ್ಕೂ ಮೊದಲು ಅವರ ಟ್ರೇಡ್‌ಮಾರ್ಕ್ ನಿಯಮವನ್ನು ಒಮ್ಮೆ ಓದಿಬಿಡಿ.