ಅಮೆರಿಕದ ಪೌರತ್ವ: ಎನ್-400 ಅರ್ಜಿಯಿಂದ ಪ್ರಮಾಣವಚನದವರೆಗೆ

ಗ್ರೀನ್ ಕಾರ್ಡ್ ಪಡೆದು ಅಮೆರಿಕದಲ್ಲಿ ನೆಲೆಸಿರುವವರು ಪೌರತ್ವದ ಮಾತು ಬಂದಾಗ ಮೊದಲು ವಿಚಾರಿಸುವುದು ಪರೀಕ್ಷೆಯ ಬಗ್ಗೆ. ಪ್ರಶ್ನೆಗಳು ಎಷ್ಟು, ನಪಾಸಾದರೆ ಮುಂದೇನು ಎಂಬ ಆತಂಕ ಸಹಜವೇ. ಆದರೆ ಈ ಪ್ರಕ್ರಿಯೆಯಲ್ಲಿ ಹೆಚ್ಚು ಶ್ರಮ ಬೇಡುವುದು ಎನ್-400 ಎಂಬ ಅರ್ಜಿ. ಅದರಲ್ಲಿ ನೀವು ಬರೆದ ದಿನಾಂಕ, ವಿಳಾಸ ಮತ್ತು ಉತ್ತರಗಳನ್ನೇ ಮುಂದಿಟ್ಟುಕೊಂಡು ಅಧಿಕಾರಿ ಸಂದರ್ಶನ ನಡೆಸುವುದರಿಂದ, ಅರ್ಜಿಯನ್ನು ದಾಖಲೆಗಳ ಆಧಾರದಲ್ಲಿ, ಅವಸರವಿಲ್ಲದೆ ತುಂಬಬೇಕು.

ಹದಿನೆಂಟು ವರ್ಷ ತುಂಬಿರುವ, ಗ್ರೀನ್ ಕಾರ್ಡ್ ಪಡೆದು ಐದು ವರ್ಷವಾಗಿರುವವರು ಸಾಮಾನ್ಯವಾಗಿ ಅರ್ಜಿ ಸಲ್ಲಿಸಬಹುದು. ಅಮೆರಿಕದ ಪೌರರನ್ನು ಮದುವೆಯಾಗಿ, ಮೂರು ವರ್ಷ ಅವರೊಂದಿಗೇ ಬಾಳುತ್ತಿರುವವರಿಗೆ ಈ ಅವಧಿ ಮೂರು ವರ್ಷ. ಲೆಕ್ಕ ಶುರುವಾಗುವುದು ಕಾರ್ಡ್ ಕೈಸೇರಿದ ದಿನದಿಂದಲ್ಲ, ಅದರ ಮೇಲೆ ಖಾಯಂ ನಿವಾಸಿಯಾದ ದಿನವೆಂದು ಮುದ್ರಿಸಿರುವ ದಿನಾಂಕದಿಂದ. ಅವಧಿ ಮುಗಿಯುವುದಕ್ಕೆ 90 ದಿನ ಮೊದಲೇ ಅರ್ಜಿ ಹಾಕಲು ಅವಕಾಶವಿದೆಯಾದರೂ, ಒಂದು ದಿನ ಮುಂಚಿತವಾಗಿ ಕಳುಹಿಸಿದರೂ ಅರ್ಜಿ ತಿರಸ್ಕೃತವಾಗಬಹುದಾದ್ದರಿಂದ ಕೆಲವು ದಿನ ಬಿಟ್ಟು ಸಲ್ಲಿಸುವುದು ಕ್ಷೇಮ. ಅರ್ಜಿ ಸಲ್ಲಿಸುವ ರಾಜ್ಯದಲ್ಲಿ ಮೂರು ತಿಂಗಳಾದರೂ ವಾಸವಿರಬೇಕೆಂಬುದನ್ನು, ಕೆಲಸ ಬದಲಿಸಿ ಹೊಸದಾಗಿ ಬೇರೆ ರಾಜ್ಯಕ್ಕೆ ಹೋದವರು ಮರೆಯಬಾರದು.

ಹೆಚ್ಚಿನ ತೊಡಕು ಹುಟ್ಟುವುದು ಪ್ರಯಾಣದ ವಿವರದಲ್ಲಿ. ಐದು ವರ್ಷಗಳಲ್ಲಿ ಕನಿಷ್ಠ 30 ತಿಂಗಳು ನೀವು ಅಮೆರಿಕದ ನೆಲದಲ್ಲಿ ಇದ್ದಿರಬೇಕು. ಇದು ಬರೀ ದಿನಗಳ ಎಣಿಕೆ. ಇದಲ್ಲದೆ ವಾಸದಲ್ಲಿ ನಿರಂತರತೆ ಇರಬೇಕೆಂಬ ಬೇರೊಂದು ಷರತ್ತಿದೆ. ಒಂದೇ ಪ್ರಯಾಣದಲ್ಲಿ ಆರು ತಿಂಗಳಿಗಿಂತ ಹೆಚ್ಚು ಕಾಲ ಹೊರಗಿದ್ದರೆ ಆ ನಿರಂತರತೆ ಮುರಿದಿದೆಯೆಂದೇ ಭಾವಿಸಲಾಗುತ್ತದೆ. ಮನೆ, ನೌಕರಿ, ಕುಟುಂಬ ಅಮೆರಿಕದಲ್ಲೇ ಇದ್ದವೆಂದು ತೋರಿಸುವ ಹೊಣೆ ನಿಮ್ಮದಾಗುತ್ತದೆ. ಒಂದು ವರ್ಷ ಅಥವಾ ಅದಕ್ಕಿಂತ ಹೆಚ್ಚು ಹೊರಗಿದ್ದರೆ, ಮೊದಲೇ ವಿಶೇಷ ಅನುಮತಿ ಪಡೆದಿರದ ಹೊರತು ಲೆಕ್ಕ ಹೊಸದಾಗಿ ಆರಂಭವಾಗುತ್ತದೆ. ತಂದೆತಾಯಿಯ ಅನಾರೋಗ್ಯಕ್ಕೆಂದು ಊರಿಗೆ ಹೋಗಿ ಏಳೆಂಟು ತಿಂಗಳು ಉಳಿದುಬಿಡುವುದು ನಮ್ಮಲ್ಲಿ ಸಾಮಾನ್ಯ. ಅಂಥವರು ಆಸ್ಪತ್ರೆಯ ದಾಖಲೆ, ಆ ಅವಧಿಯ ಬಾಡಿಗೆ ಅಥವಾ ಮನೆಸಾಲದ ಕಂತು ಕಟ್ಟಿದ ಚೀಟಿ, ತೆರಿಗೆ ದಾಖಲೆ ಇವುಗಳನ್ನು ಜೋಪಾನವಾಗಿ ಎತ್ತಿಡಬೇಕು.

ಇಪ್ಪತ್ನಾಲ್ಕು ಗಂಟೆಯೊಳಗೆ ಹೋಗಿ ಬಂದ ಪ್ರಯಾಣಗಳನ್ನು ಬಿಟ್ಟು ಉಳಿದವೆಲ್ಲವನ್ನೂ ಫಾರಂನಲ್ಲಿ ಬರೆಯಬೇಕು. ಅಮೆರಿಕದಿಂದ ಹೊರಡುವಾಗ ಪಾಸ್‌ಪೋರ್ಟಿಗೆ ಮುದ್ರೆ ಒತ್ತುವ ಪದ್ಧತಿ ಇಲ್ಲದ ಕಾರಣ ಅನೇಕರು ಭಾರತದಲ್ಲಿ ಇಳಿದಾಗ ಬಿದ್ದ ಮುದ್ರೆಯ ದಿನಾಂಕವನ್ನೇ ಹೊರಟ ದಿನಾಂಕವೆಂದು ಬರೆಯುತ್ತಾರೆ. ಜನವರಿ 10ರ ರಾತ್ರಿ ವಿಮಾನ ಹತ್ತಿದವರಿಗೆ ಬೆಂಗಳೂರಿನ ಮುದ್ರೆ ಬೀಳುವುದು 12ರಂದು. ಫಾರಂ ಕೇಳುವುದು ಮಾತ್ರ 10ನೇ ತಾರೀಖನ್ನು. ಹಳೆಯ ವಿಮಾನ ಟಿಕೆಟ್‌ಗಳ ಇಮೇಲ್ ಹುಡುಕಿ, ಹಳೆಯ ಮತ್ತು ಹೊಸ ಪಾಸ್‌ಪೋರ್ಟ್ ಎರಡರ ಮುದ್ರೆಗಳೊಂದಿಗೆ ತಾಳೆ ನೋಡಿ, ಒಂದು ಪಟ್ಟಿ ಮಾಡಿಕೊಂಡರೆ ಈ ಗೊಂದಲ ಇರುವುದಿಲ್ಲ. ಹೊರಟ ದಿನ ಮತ್ತು ಮರಳಿದ ದಿನ ಎರಡೂ ಅಮೆರಿಕದಲ್ಲಿ ಇದ್ದ ದಿನಗಳೆಂದೇ ಎಣಿಕೆಯಾಗುತ್ತವೆ.

ಹೆಸರಿನ ವಿಷಯದಲ್ಲೂ ಎಚ್ಚರ ಬೇಕು. ಊರಿನ ಹೆಸರು, ತಂದೆಯ ಹೆಸರು ಇನಿಷಿಯಲ್ ಆಗಿ ಬಂದು, ಒಂದೊಂದು ದಾಖಲೆಯಲ್ಲಿ ಒಂದೊಂದು ಬಗೆಯಾಗಿರುವವರು ಬಳಸಿದ ಎಲ್ಲ ರೂಪಗಳನ್ನೂ ಫಾರಂನಲ್ಲಿ ನಮೂದಿಸಬೇಕು. ಪೌರತ್ವದ ಜೊತೆಗೇ ಹೆಸರು ಬದಲಿಸಿಕೊಳ್ಳಲು ಅವಕಾಶವಿದೆ, ಆದರೆ ಆಗ ಪ್ರಮಾಣವಚನ ನ್ಯಾಯಾಲಯದಲ್ಲಿ ನಡೆಯಬೇಕಾಗುತ್ತದೆ. ಭಾರತದಲ್ಲಿರುವ ಆಸ್ತಿ ಮತ್ತು ಬ್ಯಾಂಕ್ ದಾಖಲೆಗಳಲ್ಲಿ ಹಳೆಯ ಹೆಸರೇ ಇರುತ್ತದಾದ್ದರಿಂದ, ತೀರಾ ಅಗತ್ಯವಿಲ್ಲದಿದ್ದರೆ ಬದಲಾವಣೆ ಬೇಡವೆಂಬುದು ನನ್ನ ಅಭಿಪ್ರಾಯ.

ಹೌದು ಅಥವಾ ಇಲ್ಲ ಎಂದು ಉತ್ತರಿಸಬೇಕಾದ ಪ್ರಶ್ನೆಗಳನ್ನು ಓದದೆಯೇ ಎಲ್ಲಕ್ಕೂ ‘ಇಲ್ಲ’ ಎಂದು ಗುರುತು ಹಾಕಿಬಿಡುವುದು ಅಪಾಯಕರ. ತೆರಿಗೆ ಬಾಕಿ, ಬಂಧನ, ನ್ಯಾಯಾಲಯದ ಪ್ರಕರಣ ಇವೆಲ್ಲವನ್ನೂ ಅಲ್ಲಿ ಕೇಳುತ್ತಾರೆ. ವಜಾ ಆದ ಅಥವಾ ದಾಖಲೆಯಿಂದ ಅಳಿಸಿಹಾಕಿದ ಪ್ರಕರಣವನ್ನೂ ತಿಳಿಸಲೇಬೇಕು. ಮತದಾರರಾಗಿ ನೋಂದಾಯಿಸಿದ್ದೀರಾ ಎಂಬ ಪ್ರಶ್ನೆ ಬಹಳ ಮುಖ್ಯ. ಡ್ರೈವಿಂಗ್ ಲೈಸೆನ್ಸ್ ಪಡೆಯುವಾಗ ಅರಿವಿಲ್ಲದೆ ಮತದಾರರ ಪಟ್ಟಿಗೆ ಸೇರಿಹೋದ ಅನುಮಾನವಿದ್ದರೂ, ಅರ್ಜಿ ಹಾಕುವ ಮುನ್ನ ವಲಸೆ ವಕೀಲರನ್ನು ಕಾಣಿರಿ. ನಿಜವನ್ನು ಹೇಳಿದವರಿಗೆ ದಾರಿ ಸಿಗಬಹುದು, ಆದರೆ ಮುಚ್ಚಿಟ್ಟದ್ದು ಬಯಲಾದರೆ ಅದೇ ದೊಡ್ಡ ಅಪರಾಧವಾಗುತ್ತದೆ.

2024ರ ಏಪ್ರಿಲ್ 1ರಂದು ಜಾರಿಗೆ ಬಂದ ದರದಂತೆ ಆನ್‌ಲೈನ್ ಅರ್ಜಿಗೆ 710 ಡಾಲರ್, ಕಾಗದದ ಅರ್ಜಿಗೆ 760 ಡಾಲರ್. ಅರ್ಜಿ ತಲುಪಿದ ಮೇಲೆ ಅಗತ್ಯವಿದ್ದರೆ ಬೆರಳಚ್ಚಿಗೆ ಕರೆಯುತ್ತಾರೆ, ಬಳಿಕ ಸಂದರ್ಶನದ ಪತ್ರ ಬರುತ್ತದೆ.

ಸಂದರ್ಶನದಲ್ಲಿ ಸತ್ಯವನ್ನೇ ನುಡಿಯುವೆನೆಂದು ಪ್ರಮಾಣ ಮಾಡಿಸಿ, ಅಧಿಕಾರಿ ನಿಮ್ಮ ಅರ್ಜಿಯನ್ನು ನಿಮ್ಮೆದುರಿಗೇ ಪರಿಶೀಲಿಸುತ್ತಾರೆ. ಅರ್ಜಿ ಹಾಕಿದ ಮೇಲೆ ಮಾಡಿದ ಪ್ರಯಾಣ, ಬದಲಾದ ವಿಳಾಸ ಅಥವಾ ನೌಕರಿಯನ್ನು ಆಗಲೇ ತಿಳಿಸಬೇಕು. ಇಂಗ್ಲಿಷ್ ಪರೀಕ್ಷೆಯಲ್ಲಿ ಮೂರರಲ್ಲಿ ಒಂದು ವಾಕ್ಯವನ್ನು ಸರಿಯಾಗಿ ಓದಿ, ಮೂರರಲ್ಲಿ ಒಂದನ್ನು ಸರಿಯಾಗಿ ಬರೆದರೆ ಸಾಕು. ದೇಶದ ಇತಿಹಾಸ ಮತ್ತು ಆಡಳಿತದ ಪರೀಕ್ಷೆ, 2025ರ ಅಕ್ಟೋಬರ್ 20 ಅಥವಾ ಆನಂತರ ಅರ್ಜಿ ಹಾಕಿದವರಿಗೆ ಬದಲಾಗಿದೆ: ಒಟ್ಟು 128 ಪ್ರಶ್ನೆಗಳ ಪಟ್ಟಿಯಿಂದ 20ರವರೆಗೆ ಕೇಳುತ್ತಾರೆ, 12 ಸರಿಯಾಗಬೇಕು. ಪಟ್ಟಿ ಬಹಿರಂಗವಾಗಿಯೇ ದೊರೆಯುತ್ತದೆ. ನಿಮ್ಮ ರಾಜ್ಯದ ಗವರ್ನರ್, ಸೆನೆಟರ್ ಯಾರೆಂಬ ಪ್ರಶ್ನೆಗಳ ಉತ್ತರ ಚುನಾವಣೆಗೆ ತಕ್ಕಂತೆ ಬದಲಾಗುತ್ತದೆಂಬುದು ನೆನಪಿರಲಿ. ನಪಾಸಾದ ಭಾಗಕ್ಕೆ 60ರಿಂದ 90 ದಿನಗಳೊಳಗೆ ಮತ್ತೊಂದು ಅವಕಾಶವಿದೆ.

ಇಂಗ್ಲಿಷಿಗೆ ಹೆದರಿ ಹಿಂದೆ ಸರಿಯುವ ಹಿರಿಯರಿಗೆ ಇರುವ ವಿನಾಯಿತಿಯ ವಿಷಯ ಎಷ್ಟೋ ಮನೆಗಳಿಗೆ ತಿಳಿದೇ ಇಲ್ಲ. ಅರ್ಜಿ ಹಾಕುವ ಹೊತ್ತಿಗೆ ವಯಸ್ಸು 50 ದಾಟಿ ಗ್ರೀನ್ ಕಾರ್ಡ್ ಪಡೆದು 20 ವರ್ಷವಾಗಿದ್ದರೆ, ಅಥವಾ ವಯಸ್ಸು 55 ದಾಟಿ 15 ವರ್ಷವಾಗಿದ್ದರೆ, ಇಂಗ್ಲಿಷ್ ಪರೀಕ್ಷೆ ಇರುವುದಿಲ್ಲ. ದುಭಾಷಿಯ ನೆರವಿನಿಂದ ಕನ್ನಡದಲ್ಲೇ ಉತ್ತರಿಸಬಹುದು. ವಯಸ್ಸು 65 ದಾಟಿ 20 ವರ್ಷವಾಗಿರುವವರು ಓದಬೇಕಾದದ್ದು ಗುರುತು ಮಾಡಿದ 20 ಪ್ರಶ್ನೆಗಳನ್ನು ಮಾತ್ರ. ದುಭಾಷಿ ಆದಷ್ಟೂ ಕುಟುಂಬದ ಹೊರಗಿನವರಾಗಿರಲಿ. ತಾಯಿಯ ಪರವಾಗಿ ಮಗನೇ ಉತ್ತರ ಹೇಳಿಬಿಡುವ ಸಂಭವವನ್ನು ಅಧಿಕಾರಿಗಳು ಬಲ್ಲರು.

ಅರ್ಜಿ ಮಂಜೂರಾದರೂ ಪ್ರಮಾಣವಚನ ಸ್ವೀಕರಿಸುವವರೆಗೆ ನೀವು ಪೌರರಲ್ಲ. ಸಮಾರಂಭದಲ್ಲಿ ಗ್ರೀನ್ ಕಾರ್ಡನ್ನು ಹಿಂದಿರುಗಿಸಬೇಕು. ಪ್ರಮಾಣಪತ್ರ ಕೈಗೆ ಬಂದ ಕೂಡಲೇ ಹೆಸರಿನ ಅಕ್ಷರಗಳನ್ನೂ ಹುಟ್ಟಿದ ದಿನಾಂಕವನ್ನೂ ಅಲ್ಲಿಯೇ ನಿಂತು ಓದಿ, ತಪ್ಪಿದ್ದರೆ ಆಗಲೇ ಹೇಳಬೇಕು.

ಭಾರತ ಉಭಯ ಪೌರತ್ವವನ್ನು ಒಪ್ಪುವುದಿಲ್ಲ. 1955ರ ಪೌರತ್ವ ಕಾಯ್ದೆಯಂತೆ, ಸ್ವಇಚ್ಛೆಯಿಂದ ಬೇರೆ ದೇಶದ ಪೌರತ್ವ ಪಡೆದವರು ಭಾರತದ ಪೌರತ್ವವನ್ನು ಕಳೆದುಕೊಳ್ಳುತ್ತಾರೆ. ಆ ಬಳಿಕ ಭಾರತದ ಪಾಸ್‌ಪೋರ್ಟಿನಲ್ಲಿ ಪ್ರಯಾಣಿಸುವಂತಿಲ್ಲ. ಮೊದಲು ಅಮೆರಿಕದ ಪಾಸ್‌ಪೋರ್ಟ್, ಆಮೇಲೆ ಭಾರತದ ಪಾಸ್‌ಪೋರ್ಟನ್ನು ಒಪ್ಪಿಸಿ ಪಡೆಯುವ ಪ್ರಮಾಣಪತ್ರ, ಕೊನೆಗೆ ವಿದೇಶಿ ಪೌರರಾದ ಭಾರತ ಮೂಲದವರಿಗೆ ಭಾರತ ಸರ್ಕಾರ ಕೊಡುವ ಓಸಿಐ ಕಾರ್ಡ್ ಎಂಬ ಕ್ರಮದಲ್ಲಿ ಕೆಲಸ ಸಾಗುವುದರಿಂದ, ಪ್ರಮಾಣವಚನದ ಆಸುಪಾಸಿನಲ್ಲಿ ಊರಿಗೆ ಟಿಕೆಟ್ ತೆಗೆಯಬೇಡಿ. ಓಸಿಐ ಕಾರ್ಡ್ ಇದ್ದವರು ವೀಸಾ ಇಲ್ಲದೆ ಎಷ್ಟು ಸಲವಾದರೂ ಭಾರತಕ್ಕೆ ಬಂದು ಹೋಗಬಹುದು, ಆದರೆ ಮತದಾನ ಮಾಡುವಂತಿಲ್ಲ, ಕೃಷಿ ಜಮೀನು ಅಥವಾ ತೋಟ ಕೊಳ್ಳುವಂತಿಲ್ಲ. ಊರಿನಲ್ಲಿ ಜಮೀನು ಕೊಳ್ಳುವ ಆಲೋಚನೆ ಇದ್ದವರು ಎನ್-400 ತುಂಬುವ ಮೊದಲೇ ಮನೆಮಂದಿಯೊಂದಿಗೆ ಕೂತು ಅದನ್ನು ತೀರ್ಮಾನಿಸಿಕೊಳ್ಳಬೇಕು.