ಮೆಣಸಿನ ಟೆಂಡರ್ ಮೇಲ್‌ನಿಂದ ಒಂದು ಖಾತೆ ನಂಬರ್ ಹೊರಗೆಳೆದದ್ದು

ಮೂಡಿಗೆರೆಯಲ್ಲಿ ಬೆಳೆಗಾರರ ಲೆಕ್ಕ, ಜಿಎಸ್‌ಟಿ, ಬ್ಯಾಂಕಿನ ಕಾಗದ ನೋಡಿಕೊಳ್ಳುವುದು ನನ್ನ ಕೆಲಸ. ಹಲವರ ಮೇಲ್ ಕೂಡ ನಾನೇ ತೆರೆದು ನೋಡುತ್ತೇನೆ. ಮೆಣಸು ಒಣಗಿಸಿ ಚೀಲ ಕಟ್ಟುವ ಹೊತ್ತಿಗೆ ಒಂದು ಜಾತಿಯ ಮೇಲ್ ಬರುತ್ತದೆ. ಪಶ್ಚಿಮ ಆಫ್ರಿಕಾದ ಯಾವುದೋ ಸರ್ಕಾರಕ್ಕೆ ಎರಡು ಕಂಟೇನರ್ ಕಾಳುಮೆಣಸು ಬೇಕಂತೆ. ದರ ನಮ್ಮ ಮಾರುಕಟ್ಟೆಗಿಂತ ಎಷ್ಟೋ ಜಾಸ್ತಿ. ಅರ್ಧ ಹಣ ಮುಂಗಡವಾಗಿಯೇ ಕೊಡುತ್ತಾರಂತೆ. ನಾವು ಸರಬರಾಜುದಾರರು ಅಂತ ಹೆಸರು ನೋಂದಾಯಿಸಿ ಒಂದು ಫೀ ಕಟ್ಟಿದರೆ ಸಾಕಂತೆ.

ಮೋಸ ಇರುವುದು ಆ ಫೀಯಲ್ಲೇ. ಅದನ್ನು ಕಟ್ಟಿದರೆ ಮುಂದೆ ವಕೀಲರ ಫೀ, ಆಮೇಲೆ ತೆರಿಗೆ ಸರ್ಟಿಫಿಕೇಟು, ಆಮೇಲೆ ಹಣ ವರ್ಗಾವಣೆಯ ಶುಲ್ಕ. ಕಟ್ಟುವವರು ನಿಲ್ಲಿಸುವ ತನಕ ಕೇಳುತ್ತಲೇ ಇರುತ್ತಾರೆ. ಇದು ಇಂಟರ್ನೆಟ್ ಕಾಲದ ಉಪಾಯವೂ ಅಲ್ಲ. ಸ್ಪೇನಿನ ಜೈಲಿನಲ್ಲಿ ಒಬ್ಬ ಶ್ರೀಮಂತ ಸಿಕ್ಕಿಬಿದ್ದಿದ್ದಾನೆ, ಬಿಡಿಸಲು ಸ್ವಲ್ಪ ಹಣ ಕೊಟ್ಟರೆ ಅವನ ಆಸ್ತಿಯಲ್ಲಿ ಪಾಲು ಸಿಗುತ್ತದೆ ಅಂತ 19ನೇ ಶತಮಾನದಲ್ಲೇ ಅಂಚೆಯಲ್ಲಿ ಪತ್ರ ಬರುತ್ತಿತ್ತು. ಈಗ ಇದಕ್ಕೆ ‘419’ ಅನ್ನುತ್ತಾರೆ. ನೈಜೀರಿಯಾದ ಕ್ರಿಮಿನಲ್ ಕೋಡ್‌ನಲ್ಲಿ ಸುಳ್ಳು ಹೇಳಿ ಹಣ ಕೀಳುವುದಕ್ಕೆ ಶಿಕ್ಷೆ ಹೇಳುವ ಕಲಂ ಅದು. ಹಾಗಂತ ಎಲ್ಲರೂ ಅಲ್ಲಿಂದಲೇ ಬರೆಯುತ್ತಾರೆ ಅಂತಲ್ಲ. ಎಲ್ಲಿ ಬೇಕಾದರೂ ಕೂತು ಬರೆಯಬಹುದು.

ನಮ್ಮ ಕಡೆಯ ಒಬ್ಬ ಹಿರಿಯ ಬೆಳೆಗಾರರು ಹೀಗೇ ಕಟ್ಟಿಬಿಟ್ಟರು. ನಾಚಿಕೆಗೆ ಮನೆಯಲ್ಲೂ ಹೇಳಲಿಲ್ಲ. ಕೆಲವು ತಿಂಗಳು ಕಳೆದ ಮೇಲೆ ರಿಸರ್ವ್ ಬ್ಯಾಂಕ್ ಹೆಸರಿನಲ್ಲಿ ಅವರಿಗೆ ಮೇಲ್ ಬಂತು. ‘ನಿಮ್ಮ ಹಣ ಸಿಕ್ಕಿದೆ, ವಾಪಸ್ ಪಡೆಯಲು ಶುಲ್ಕ ಕಟ್ಟಿ’ ಅಂತ. ಒಮ್ಮೆ ಕಳೆದುಕೊಂಡವರ ಹೆಸರನ್ನು ಇಟ್ಟುಕೊಂಡು ಎರಡನೇ ಸಲ ದೋಚುವುದು ಈ ದಂಧೆಯಲ್ಲಿ ಮಾಮೂಲು. ರಿಸರ್ವ್ ಬ್ಯಾಂಕ್ ಜನಸಾಮಾನ್ಯರ ಖಾತೆ ಇಟ್ಟುಕೊಳ್ಳುವುದೇ ಇಲ್ಲ, ಯಾರ ಹಣವನ್ನೂ ಹೀಗೆ ಮೇಲ್ ಮಾಡಿ ಹಂಚುವುದಿಲ್ಲ. ಆ ಮೇಲ್ ಹಿಡಿದುಕೊಂಡು ಅವರು ನನ್ನ ಮುಂದೆ ಕೂತಿದ್ದರಲ್ಲ, ಆಗ ಬಂದ ಸಿಟ್ಟು ಇನ್ನೂ ಇಳಿದಿಲ್ಲ. ಈ ಕಳ್ಳರಿಗೆ ಉತ್ತರ ಬರೆಯಲು ಶುರು ಮಾಡಿದ್ದು ಅದರಿಂದಲೇ.

ಇದನ್ನು ಮಾಡುವವರು ಜಗತ್ತಿನ ತುಂಬ ಇದ್ದಾರೆ. ಸ್ಕ್ಯಾಮ್‌ಬೇಟಿಂಗ್ ಅನ್ನುತ್ತಾರೆ. ನ್ಯೂಜಿಲೆಂಡ್‌ನ ನೆಟ್‌ಸೇಫ್ ಸಂಸ್ಥೆ 2017ರಲ್ಲಿ ಇಂಥ ಮೇಲ್‌ಗಳಿಗೆ ತಾನಾಗಿಯೇ ಉದ್ದುದ್ದ ಉತ್ತರ ಬರೆಯುವ ಒಂದು ಪ್ರೋಗ್ರಾಮನ್ನೇ ಬಿಟ್ಟಿತ್ತು. ಇದರಿಂದ ಏನು ಪ್ರಯೋಜನ ಅಂತ ಕೇಳಬಹುದು. ಮೈಕ್ರೋಸಾಫ್ಟ್ ರಿಸರ್ಚ್‌ನ ಕಾರ್ಮಾಕ್ ಹರ್ಲಿ 2012ರ ಒಂದು ಪ್ರಬಂಧದಲ್ಲಿ ಇದನ್ನು ಚೆನ್ನಾಗಿ ಬಿಡಿಸಿದ್ದಾರೆ. ಕಳ್ಳ ತನ್ನ ಕಥೆಯನ್ನು ನಂಬಲಾಗದ ಹಾಗೆ ಬರೆಯುವುದೇ ಬೇಕಂತ. ಅನುಮಾನ ಇರುವವರು ಮೊದಲೇ ಬಿಟ್ಟುಬಿಡಲಿ, ಉತ್ತರ ಬರೆದವರೆಲ್ಲ ನಂಬಿದವರೇ ಆಗಿರಲಿ ಅನ್ನುವುದು ಲೆಕ್ಕ. ಮೇಲ್ ಕಳಿಸಲು ಖರ್ಚಿಲ್ಲ. ಉತ್ತರ ಬರೆದವರ ಜೊತೆ ಮಾತು ನಡೆಸುವುದಕ್ಕೇ ಸಮಯ ಬೇಕು. ಹಣ ಕೊಡದವರೂ ಉತ್ತರ ಬರೆಯತೊಡಗಿದರೆ ಆ ಲೆಕ್ಕ ಕೆಡುತ್ತದೆ.

ನಾನು ಬೆಳೆಗಾರರ ಮೇಲ್‌ನಿಂದ ಯಾವತ್ತೂ ಉತ್ತರಿಸುವುದಿಲ್ಲ. ಇದಕ್ಕೇ ಅಂತ ಬೇರೆ ವಿಳಾಸ, ಬೇರೆ ಹೆಸರು. ಅದರಲ್ಲಿ ನನ್ನ ಫೋನ್ ನಂಬರ್ ಇಲ್ಲ, ಊರಿನ ಹೆಸರಿಲ್ಲ, ಫೋಟೋ ಇಲ್ಲ. ಬ್ರೌಸರ್‌ನಲ್ಲೇ ಬರೆಯುತ್ತೇನೆ. ಅವರು ಕಳಿಸಿದ ಫೈಲ್ ತೆರೆಯುವುದಿಲ್ಲ, ಲಿಂಕ್ ಒತ್ತುವುದಿಲ್ಲ.

ಉತ್ತರ ಬರೆಯುವ ಮೊದಲು ಮೂಲ ಮೇಲ್‌ನಲ್ಲಿ ‘ಶೋ ಒರಿಜಿನಲ್’ ಒತ್ತಿ ನೋಡುತ್ತೇನೆ. ಮೇಲೆ ‘ಫ್ರಮ್’ ಅನ್ನುವಲ್ಲಿ ಸಚಿವಾಲಯದ ಹೆಸರು ಇರುತ್ತದೆ. ಕೆಳಗೆ, ನಮ್ಮ ಉತ್ತರ ಹೋಗುವ ವಿಳಾಸ ತೋರಿಸುವ ‘ರಿಪ್ಲೈ-ಟು’ ಅನ್ನುವಲ್ಲಿ, ಯಾರು ಬೇಕಾದರೂ ಪುಕ್ಕಟೆ ತೆರೆಯಬಹುದಾದ ಜಿಮೇಲ್ ವಿಳಾಸ. ಮೋಸ ಅಂತ ತಿಳಿಯಲು ಅಷ್ಟು ಸಾಕು.

ಮೆಣಸಿನ ಮೇಲ್‌ನಲ್ಲಿ ಇನ್ನೊಂದು ಗುರುತು ಇತ್ತು. ನಿಜವಾಗಿ ಮೆಣಸು ಕೊಳ್ಳುವವರು ಮೊದಲು ಕೇಳುವುದೇ ಲೀಟರ್ ತೂಕ. ಆಮೇಲೆ ತೇವಾಂಶ. ಆಮೇಲೆ ಸ್ಯಾಂಪಲ್. ಇವನು ಯಾವುದನ್ನೂ ಕೇಳಿರಲಿಲ್ಲ. ಒಳ್ಳೆಯ ಮೆಣಸು ಲೀಟರಿಗೆ 550 ಗ್ರಾಂ ತೂಗುತ್ತದೆ, ಇನ್ನೂ ಚೆನ್ನಾಗಿದ್ದರೆ ಸ್ವಲ್ಪ ಜಾಸ್ತಿ. ನಾನು ‘ನಮ್ಮ ಮೆಣಸು ಲೀಟರಿಗೆ 950 ಗ್ರಾಂ ಬರುತ್ತದೆ, ತೇವಾಂಶ ಶೇ. 40, ಆಗಬಹುದಾ?’ ಅಂತ ಬರೆದೆ. ಅಷ್ಟು ತೇವ ಇದ್ದರೆ ಮೆಣಸು ಚೀಲದಲ್ಲೇ ಬೂಸ್ಟು ಹಿಡಿಯುತ್ತದೆ. ತೂಕವಂತೂ ಹೆಚ್ಚುಕಡಿಮೆ ನೀರಿನಷ್ಟೇ ಆಯಿತು, ಅಂಥ ಕಾಳು ಎಲ್ಲೂ ಬೆಳೆಯುವುದಿಲ್ಲ. ಮರುದಿನವೇ ಉತ್ತರ ಬಂತು: ಗುಣಮಟ್ಟ ನಮ್ಮ ಸಮಿತಿಗೆ ಒಪ್ಪಿಗೆಯಾಗಿದೆ, ದಯವಿಟ್ಟು ನೋಂದಣಿ ಫೀ ಬೇಗ ಕಟ್ಟಿ.

ಅಲ್ಲಿಂದ ಮುಂದೆ ಅವನ ಸಮಯ ತಿನ್ನುವುದು ಸುಲಭ. ಮೇಲ್‌ನಲ್ಲೇ ಬಂದಿದ್ದ ನೋಂದಣಿ ಫಾರ್ಮಿನ ಒಂದೊಂದು ಕಾಲಮ್ಮಿಗೂ ಒಂದೊಂದು ಮೇಲ್ ಹಾಕಿ ಅರ್ಥ ಕೇಳುತ್ತಿದ್ದೆ. ಅಣ್ಣತಮ್ಮಂದಿರ ಪಾಲು ಪಟ್ಟಿ ಆಗಿಲ್ಲ, ಎಲ್ಲರ ಒಪ್ಪಿಗೆ ಬೇಕು ಅಂದೆ. ಮಳೆ ಬಂದು ಕರೆಂಟ್ ಹೋಗಿತ್ತು ಅಂದೆ. ಮಲೆನಾಡಿನಲ್ಲಿ ಇದಕ್ಕೆ ಸುಳ್ಳು ಹೇಳಬೇಕಾದ್ದೇ ಇಲ್ಲ ಅಲ್ವಾ! ಅವನು ತಾಳ್ಮೆಯಿಂದ ಎಲ್ಲದಕ್ಕೂ ಉತ್ತರ ಬರೆದ.

ಆದರೆ ನನ್ನ ಪ್ರಕಾರ ಸುಮ್ನೆ ಸಮಯ ತಿಂದು ಬಿಟ್ಟರೆ ಅರ್ಧ ಕೆಲಸ. ಹಣ ಎಲ್ಲಿಗೆ ಹೋಗಬೇಕು ಅಂತ ಅವನ ಬಾಯಿಂದಲೇ ಹೇಳಿಸಬೇಕು. ಕಳ್ಳ ಮೇಲ್ ವಿಳಾಸವನ್ನು ಒಂದು ನಿಮಿಷದಲ್ಲಿ ಬದಲಾಯಿಸುತ್ತಾನೆ. ಬ್ಯಾಂಕ್ ಖಾತೆ ಹಾಗಲ್ಲ. ಅದಕ್ಕೆ ಒಬ್ಬ ಮನುಷ್ಯನ ಗುರುತಿನ ದಾಖಲೆ, ಸಹಿ ಬೇಕು. ಆ ಖಾತೆ ಹೆಚ್ಚಾಗಿ ಇನ್ಯಾರದೋ ಹೆಸರಿನಲ್ಲಿರುತ್ತದೆ. ಇಂಥದ್ದನ್ನು ಪೊಲೀಸರು ಮ್ಯೂಲ್ ಖಾತೆ ಅನ್ನುತ್ತಾರೆ. ಅದು ಮುಚ್ಚಿದರೆ ಅವನಿಗೆ ನಿಜವಾಗಿ ನಷ್ಟ.

ಮೊದಲು ಅವನು ಕೊಟ್ಟದ್ದು ವಿದೇಶದ ಖಾತೆ. ‘ಹೊರದೇಶಕ್ಕೆ ಹಣ ಕಳಿಸಲು ನಮ್ಮ ಬ್ಯಾಂಕಿನಲ್ಲಿ ಹತ್ತಾರು ಕಾಗದ ಕೇಳ್ತಾರೆ, ಮ್ಯಾನೇಜರ್ ಯಾಕೆ ಏನು ಅಂತ ವಿಚಾರಿಸ್ತಾರೆ’ ಅಂತ ಬರೆದೆ. ಮ್ಯಾನೇಜರ್ ಅನ್ನುವ ಮಾತು ಬಂದಕೂಡಲೇ ಇಂಡಿಯಾದಲ್ಲೇ ಒಬ್ಬ ಏಜೆಂಟ್ ಹುಟ್ಟಿಕೊಂಡ. ಹೆಸರು, ಖಾತೆ ನಂಬರ್, ಐಎಫ್‌ಎಸ್‌ಸಿ ಎಲ್ಲ ಬಂತು. ಐಎಫ್‌ಎಸ್‌ಸಿಯ 11 ಅಕ್ಷರಗಳಲ್ಲಿ ಮೊದಲ ನಾಲ್ಕು ಬ್ಯಾಂಕನ್ನು, ಕೊನೆಯ ಆರು ಶಾಖೆಯನ್ನು ಹೇಳುತ್ತವೆ. ಒಂದು ದೇಶದ ಸರ್ಕಾರದ ಟೆಂಡರ್ ಫೀ ಉತ್ತರ ಭಾರತದ ಒಂದು ಸಣ್ಣ ಊರಿನ ಶಾಖೆಯಲ್ಲಿ, ಒಬ್ಬ ವ್ಯಕ್ತಿಯ ಉಳಿತಾಯ ಖಾತೆಗೆ!

ಖಾತೆ ನಿಜವೋ ಅಂತ ನೋಡಲು ಒಂದು ರೂಪಾಯಿ ಕೂಡ ಹಾಕಬೇಡಿ. ನಿಮ್ಮ ಹೆಸರು ಅವರಿಗೆ ಗೊತ್ತಾಗುತ್ತದೆ. ಹಣ ಕಟ್ಟಿದ ಹಾಗೆ ಸುಳ್ಳು ರಸೀದಿ ಮಾಡಿ ಕಳಿಸುವವರೂ ಇದ್ದಾರೆ. ಅದನ್ನು ನಾನು ಮಾಡುವುದಿಲ್ಲ. ಬ್ಯಾಂಕಿನ ಹೆಸರಿನಲ್ಲಿ ಖೋಟಾ ಕಾಗದ ಮಾಡಿದರೆ ತಪ್ಪು ನಮ್ಮ ತಲೆಗೇ ಬರುತ್ತದೆ.

ಎಲ್ಲ ಮೇಲ್‌ಗಳನ್ನೂ ಹೆಡರ್ (ಮೇಲ್ ಎಲ್ಲಿಂದ, ಹೇಗೆ ಬಂತು ಅನ್ನುವ ವಿವರ) ಸಮೇತ ಇಳಿಸಿಕೊಂಡು ರಾಷ್ಟ್ರೀಯ ಸೈಬರ್ ಕ್ರೈಮ್ ಪೋರ್ಟಲ್‌ನಲ್ಲಿ ಹಾಕಿದೆ. ಆ ಬ್ಯಾಂಕಿನ ದೂರು ವಿಭಾಗಕ್ಕೂ ಬರೆದೆ. ಪ್ರಿಂಟ್ ತೆಗೆದು ಸೈಬರ್ ಅಪರಾಧ ನೋಡಿಕೊಳ್ಳುವ ಚಿಕ್ಕಮಗಳೂರಿನ ಸಿಇಎನ್ ಪೊಲೀಸ್ ಠಾಣೆಗೂ ಕೊಟ್ಟು ಬಂದೆ. ಹಣ ಆಗಲೇ ಹೋಗಿದ್ದರೆ ದಾರಿ ಬೇರೆ. ಮೊದಲು ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಬೇಕು, ಅದೂ ತಕ್ಷಣ. ಹಣ ಮುಂದಿನ ಖಾತೆಗೆ ಹಾರುವ ಮೊದಲು ತಡೆಯಲು ಆಗುವುದು ಆ ಮೊದಲ ಗಂಟೆಗಳಲ್ಲೇ.

ಕೆಲವು ಸ್ಕ್ಯಾಮ್‌ಬೇಟರ್‌ಗಳು ಕಳ್ಳರ ಕೈಯಲ್ಲಿ ಬೋರ್ಡ್ ಹಿಡಿಸಿ ಫೋಟೋ ತೆಗೆಸುತ್ತಾರೆ, ಹಣ ಕೊಡುತ್ತೇವೆ ಅಂತ ಅಪಾಯದ ಊರುಗಳಿಗೆ ಓಡಿಸುತ್ತಾರೆ. ನನಗೆ ಅದು ಒಪ್ಪಿಗೆಯಿಲ್ಲ. ಆ ಕಡೆ ಕೂತಿರುವವರು ಯಾರೋ ಗೊತ್ತಿಲ್ಲ. ಕೆಲಸ ಕೊಡಿಸುತ್ತೇವೆ ಅಂತ ನಂಬಿಸಿ ಕಾಂಬೋಡಿಯಾ, ಮ್ಯಾನ್ಮಾರ್‌ಗೆ ಕರೆದೊಯ್ದು, ಕೂಡಿಹಾಕಿ ಮೋಸದ ಕೆಲಸ ಮಾಡಿಸಿದವರಲ್ಲಿ ನಮ್ಮ ದೇಶದ ಹುಡುಗರೂ ಇದ್ದಾರೆ. ಹೊಡೆತ ಬೀಳಬೇಕಾದದ್ದು ಹಣದ ದಾರಿಗೆ.

ದೂರು ಕೊಟ್ಟ ಮೇಲೆ ನಾನು ಅವನಿಗೆ ಬರೆಯುವುದನ್ನು ನಿಲ್ಲಿಸಿದೆ. ‘ನೀನು ಸಿಕ್ಕಿಬಿದ್ದೆ’ ಅಂತ ಹೇಳಲೂ ಇಲ್ಲ. ಹೇಳಿದರೆ ಅವನು ಖಾತೆ ಖಾಲಿ ಮಾಡುತ್ತಾನೆ ಅಷ್ಟೇ. ಆಮೇಲೆ ಸಕಲೇಶಪುರದ ಒಬ್ಬ ಬೆಳೆಗಾರರು ತಮಗೆ ಬಂದ ಮೇಲ್ ಕಳಿಸಿಕೊಟ್ಟರು. ದೇಶ ಬೇರೆ, ಸಚಿವಾಲಯ ಬೇರೆ, ಏಲಕ್ಕಿ ಟೆಂಡರ್. ಏಜೆಂಟಿನ ಹೆಸರು ಮಾತ್ರ ಅದೇ, ಬ್ಯಾಂಕ್ ಇನ್ನೊಂದು. ಅದನ್ನೂ ಹಳೇ ದೂರಿನ ನಂಬರ್ ಬರೆದು ಠಾಣೆಗೆ ಕೊಟ್ಟಿದ್ದೇನೆ.