ಇಳಿಯದೆ ನೋಡಿದ ನಡುಗಡ್ಡೆ

ಲಕ್ಕವಳ್ಳಿಯಲ್ಲಿ ಬೆಳಿಗ್ಗೆ ಆರೂವರೆಗೆ ಸಫಾರಿ ಬೋಟ್ ಹತ್ತಿದಾಗ ಭದ್ರಾ ಹಿನ್ನೀರಿನ ಮೇಲೆ ಇನ್ನೂ ತಂಪಿತ್ತು. ಏಪ್ರಿಲ್ ಎರಡನೇ ವಾರ. ತುಂಬಿದಾಗ 186 ಅಡಿ ಇರುವ ನೀರು ಬೇಸಿಗೆಯಲ್ಲಿ ಇಳಿಯುತ್ತಾ ಹೋದ ಹಾಗೆ, ಮುಳುಗಿದ್ದ ಗುಡ್ಡಗಳ ನೆತ್ತಿ ಒಂದೊಂದಾಗಿ ಮೇಲೆ ಬರುತ್ತದೆ. ಮರವಿಲ್ಲ, ನೆರಳಿಲ್ಲ, ಬರೀ ಕಲ್ಲುಮಣ್ಣು. ರಿವರ್ ಟರ್ನ್‌ಗಳಿಗೆ, ಅಂದರೆ ನಮ್ಮ ರೀವ ಹಕ್ಕಿಗಳಿಗೆ, ಮರಿ ಮಾಡಲು ಬೇಕಾದ್ದು ಅಂಥ ಜಾಗವೇ. ಸುತ್ತ ನೀರಿದ್ದರೆ ನರಿ, ನಾಯಿ ಅಷ್ಟು ಸುಲಭವಾಗಿ ಬರುವುದಿಲ್ಲ.

ಜೊತೆಗೆ ಅಣ್ಣನ ಮಗಳಿದ್ದಳು. ಬೈನಾಕ್ಯುಲರ್ ಹಿಡಿದು, "ಚಿಕ್ಕಪ್ಪ, ಗೂಡೇ ಕಾಣ್ತಿಲ್ವಲ್ಲ?" ಅಂದಳು. ಗೂಡು ಕಟ್ಟಿದ್ದರೆ ತಾನೇ ಕಾಣೋದು! ನೆಲದಲ್ಲಿ ಒಂದು ಸಣ್ಣ ತಗ್ಗು, ಅದರಲ್ಲಿ ಎರಡೋ ಮೂರೋ ಮೊಟ್ಟೆ, ಅಷ್ಟೇ. ಮೊಟ್ಟೆಯ ಮೇಲೆ ಕಂದು ಚುಕ್ಕೆ. ಕಲ್ಲಿನ ನಡುವೆ ಕಲ್ಲಿನಂತೆಯೇ ಇರುತ್ತದೆ. ಮರಿಗಳೂ ಹಾಗೇ, ಅಪಾಯ ಅನ್ನಿಸಿದರೆ ನೆಲಕ್ಕೆ ಅಂಟಿಕೊಂಡು ಅಲ್ಲಾಡದೆ ಮಲಗಿಬಿಡುತ್ತವೆ. ಅದಕ್ಕೇ ನಾನು ನಡುಗಡ್ಡೆಗೆ ಇಳಿಯುವುದೇ ಇಲ್ಲ. ಎಲ್ಲಿ ಕಾಲಿಡುತ್ತೀರೋ ನಿಮಗೇ ತಿಳಿಯುವುದಿಲ್ಲ.

ಹತ್ತಿರ ಹೋಗುವುದನ್ನೂ ಬಿಟ್ಟಿದ್ದೇನೆ. ಕೆಲವು ವರ್ಷದ ಹಿಂದೆ ಒಂದು ಫೋಟೋದ ಆಸೆಗೆ, "ಇನ್ನೊಂಚೂರು ಮುಂದೆ ಬಿಡಣ್ಣ" ಎಂದು ಬೋಟಿನವರನ್ನು ಒತ್ತಾಯ ಮಾಡಿದ್ದೆ. ಹಕ್ಕಿಗಳ ಇಡೀ ಗುಂಪು ಒಮ್ಮೆಗೇ ಎದ್ದು ಕೂಗಲು ಶುರು ಮಾಡಿತು. ಆ ಗದ್ದಲದಲ್ಲಿ ಒಂದು ಗರುಡ ಇಳಿದು ಮರಿಯೊಂದನ್ನು ಎತ್ತಿಕೊಂಡು ಹೋಯಿತು. ಮೊಟ್ಟೆಗಳು ಬಿಸಿಲಿಗೆ ಬಿದ್ದಿದ್ದವು. ಆ ಫೋಟೋ ನನ್ನ ಹತ್ತಿರ ಇವತ್ತಿಗೂ ಇದೆ. ಯಾರಿಗೂ ತೋರಿಸಿಲ್ಲ.

ಈಗ ನನ್ನ ಕ್ರಮವೇ ಬೇರೆ. ಬೆನ್ನಿಗೆ ಬಿಸಿಲು ಬರುವ ಕಡೆ ದೂರದಲ್ಲೇ ಇಂಜಿನ್ ನಿಲ್ಲಿಸಿ ಎಂದು ಮೊದಲೇ ಕೇಳಿಕೊಳ್ಳುತ್ತೇನೆ. ಕೂತ ಹಕ್ಕಿಗಳು ಕುತ್ತಿಗೆ ಎತ್ತಿದರೆ ಅಲ್ಲೇ ಸಾಕು. ಒಂದೆರಡು ಎದ್ದು ಹಾರಿದರೆ ಹಿಂದಕ್ಕೆ. ಉಡುಪು ಮಣ್ಣಿನ ಬಣ್ಣದ್ದು, ಬೈನಾಕ್ಯುಲರ್ ಎಂಟು ಪಟ್ಟು ದೊಡ್ಡದಾಗಿ ತೋರಿಸುವ 8×42. ಜಾಸ್ತಿ ದೊಡ್ಡದಾಗಿ ತೋರಿಸುವುದು ಅಲುಗಾಡುವ ಬೋಟಿನಲ್ಲಿ ಉಪಯೋಗಕ್ಕೆ ಬರುವುದಿಲ್ಲ.

ಸುಮ್ನೆ ಕಾದರೆ ಎಷ್ಟು ಕಾಣುತ್ತದೆ ಗೊತ್ತಾ? ಕಪ್ಪು ಟೋಪಿ, ಹಳದಿ ಕೊಕ್ಕು, ಕೆಂಪು ಕಾಲು, ಕತ್ತರಿಯಂತೆ ಸೀಳಿದ ಬಾಲ. ಗಂಡು ಸಣ್ಣ ಮೀನು ತಂದು ಹೆಣ್ಣಿನ ಮುಂದೆ ಹಿಡಿಯುತ್ತದೆ. ಹೆಣ್ಣು ತಕ್ಷಣ ತೆಗೆದುಕೊಳ್ಳುವುದೇ ಇಲ್ಲ! ಬಿಸಿಲು ಏರಿದ ಮೇಲೆ ಒಂದು ಹಕ್ಕಿ ನೀರಿಗೆ ಹೋಗಿ ಹೊಟ್ಟೆ ನೆನೆಸಿಕೊಂಡು ಬಂದು ಮೊಟ್ಟೆಯ ಮೇಲೆ ಕೂತಿತು. ಅವಕ್ಕೆ ಕಾವು ಎಷ್ಟು ಬೇಕೋ ತಂಪೂ ಅಷ್ಟೇ ಬೇಕು. ಅದನ್ನು ನೋಡಿದಾಗಲೆಲ್ಲ ನನ್ನ ಗಂಟಲು ಕಟ್ಟುತ್ತದೆ.

2020ರಲ್ಲಿ ಐಯುಸಿಎನ್, ಅಂದರೆ ಪ್ರಕೃತಿ ಸಂರಕ್ಷಣೆಯ ಅಂತರರಾಷ್ಟ್ರೀಯ ಒಕ್ಕೂಟ, ಈ ಹಕ್ಕಿಯನ್ನು ಅಪಾಯದಲ್ಲಿರುವ ಜೀವಿಗಳ ಸಾಲಿಗೆ ಸೇರಿಸಿತು. ಇವು ಮೊಟ್ಟೆ ಇಡುವ ಹೊಳೆಯ ಮರಳು ದಿಬ್ಬಗಳು ಕರಗುತ್ತಿರುವಾಗ ಇಂಥ ನಡುಗಡ್ಡೆಯ ಬೆಲೆ ಚಿಕ್ಕದಲ್ಲ. ಆದರೆ ಇದಕ್ಕೂ ಭರವಸೆ ಇಲ್ಲ. ಮಳೆ ಬೇಗ ಹಿಡಿದು ನೀರು ಏರಿದರೆ ಮೊಟ್ಟೆಗಳು ಮುಳುಗುತ್ತವೆ.

ಮಧ್ಯಾಹ್ನ ಊಟ ಮುಗಿಸಿ ಸಂಜೆ ಮತ್ತೆ ಹೋದೆವು. ದಡದಲ್ಲಿ ಆನೆಗಳು ಹುಲ್ಲು ಮೇಯುತ್ತಿದ್ದವು, ಒಣಮರದ ಮೇಲೆ ನೀರುಕಾಗೆಗಳು ರೆಕ್ಕೆ ಬಿಚ್ಚಿ ಕೂತಿದ್ದವು. ನಾವು ಹಾರುವವನ್ನು ಬಿಟ್ಟು, ಎಡದಿಂದ ಬಲಕ್ಕೆ, ಕೂತವನ್ನು ಮಾತ್ರ ಎಣಿಸಿದೆವು. ನನಗೆ 68, ಅವಳಿಗೆ 71. ಪುಸ್ತಕದಲ್ಲಿ ಎರಡನ್ನೂ ಬರೆದುಕೊಂಡೆವು.